ಒಂದು ಕಿಲೋ ಇಳಿದರೆ ನೂರು ಕ್ಯಾಲೊರಿ ಹಸಿವು

ದೇಹದ ತೂಕಕ್ಕೆ ಗಣಿತದ ಮಾದರಿ ಕಟ್ಟುವುದು ನನ್ನ ಕೆಲಸ. ವೈದ್ಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ‘ನಿಮ್ಮ ಸಮೀಕರಣದಲ್ಲಿ ಹಸಿವಿನ ಹಾರ್ಮೋನು ಗ್ರೆಲಿನ್ ಎಲ್ಲಿದೆ?’ ಆ ಹೆಸರಲ್ಲಿ ಎಲ್ಲೂ ಇಲ್ಲ. ಬೇಕಂತಲೇ ಬಿಟ್ಟಿದ್ದೇನೆ.

ಮೊದಲು ಹಳೇ ಲೆಕ್ಕ ನೋಡೋಣ. ಒಂದು ಕಿಲೋ ತೂಕಕ್ಕೆ ಸುಮಾರು 7,700 ಕ್ಯಾಲೊರಿ. ದಿನಕ್ಕೆ 500 ಕಡಿಮೆ ತಿಂದರೆ ವರ್ಷಕ್ಕೆ 23 ಕಿಲೋಗೂ ಜಾಸ್ತಿ ಇಳಿಯಬೇಕು. ಮರುವರ್ಷ ಮತ್ತೆ ಅಷ್ಟೇ. ಹೀಗೇ ಹೋದರೆ ಮನುಷ್ಯನೇ ಉಳಿಯುವುದಿಲ್ಲ, ಅಲ್ವಾ? ದೇಹ ಹಗುರಾದಂತೆ ಅದರ ಖರ್ಚೂ ಇಳಿಯುತ್ತದೆ ಅನ್ನುವುದನ್ನು ಈ ಲೆಕ್ಕ ಮರೆತಿದೆ. ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ಅದನ್ನೂ ಸೇರಿಸಿದರು. ಆಗ 500 ಕ್ಯಾಲೊರಿ ಕಡಿತಕ್ಕೆ ಒಟ್ಟು ಸುಮಾರು 21 ಕಿಲೋ ಇಳಿಯುತ್ತದೆ ಎಂದಾಯಿತು. ಅರ್ಧ ಇಳಿಯಲು ಒಂದು ವರ್ಷ, ಪೂರ್ತಿಯಾಗಲು ಮೂರು.

ಆದರೆ ಡಯಟ್ ಮಾಡುವವರ ತೂಕ ಸಾಮಾನ್ಯವಾಗಿ ವರ್ಷದೊಳಗೇ ನಿಂತುಬಿಡುತ್ತದೆ. ಖರ್ಚು ಇಳಿಯುವುದೊಂದೇ ಕಾರಣವಾದರೆ ಇಷ್ಟು ಬೇಗ ನಿಲ್ಲಬಾರದು. ಉಳಿದದ್ದು ಹಸಿವು. ಅದನ್ನು ಅಳೆಯುವುದು ಹೇಗೆ? ಏನು ತಿಂದಿರಿ ಎಂದು ಕೇಳಿ ಪಡೆದ ಉತ್ತರ ನಂಬುವಂಥದ್ದಲ್ಲ.

2016ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಜಾಣತನ ನನಗೆ ಇವತ್ತಿಗೂ ಇಷ್ಟ. ಕ್ಯಾನಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಔಷಧಿ ದಿನಕ್ಕೆ ಸುಮಾರು 360 ಕ್ಯಾಲೊರಿಯಷ್ಟು ಗ್ಲೂಕೋಸನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಇಷ್ಟು ಶಕ್ತಿ ಸೋರಿಹೋಗುತ್ತಿರುವುದು ರೋಗಿಗೆ ಗೊತ್ತಾಗುವುದಿಲ್ಲ. ತೂಕದ ಏರಿಳಿತದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಅವರು ಎಷ್ಟು ತಿಂದಿರಬೇಕು ಅನ್ನುವುದು ಸಿಗುತ್ತದೆ. ಇಳಿದ ಪ್ರತಿ ಕಿಲೋಗೆ ಖರ್ಚು ದಿನಕ್ಕೆ 20ರಿಂದ 30 ಕ್ಯಾಲೊರಿ ಇಳಿದರೆ, ಹಸಿವು ಸುಮಾರು 100 ಕ್ಯಾಲೊರಿ ಏರುತ್ತದೆ.

ಖರ್ಚಿನ 25, ಹಸಿವಿನ 100, ಎರಡೂ ಸೇರಿ ಕಿಲೋಗೆ 125. ಈಗ 500ನ್ನು 125ರಿಂದ ಭಾಗಿಸಿ. ನಾಲ್ಕೇ ಕಿಲೋ! 500 ಕ್ಯಾಲೊರಿಯಷ್ಟು ಪ್ರಯತ್ನವನ್ನು ಒಂದು ದಿನವೂ ಸಡಿಲಿಸದೆ ನಡೆಸಿದರೂ ಅಷ್ಟೇ. ಇದನ್ನು ಮನಸ್ಸು ಗಟ್ಟಿ ಇಲ್ಲ ಅಂತ ಬೈಯುವುದು ತಪ್ಪು.

ಕರುಳಿನ ಹಾರ್ಮೋನುಗಳು ಈ 100ರ ಒಳಗಿವೆ. ಜಠರದಿಂದ ಬರುವ ಗ್ರೆಲಿನ್ ಊಟಕ್ಕೆ ಮುಂಚೆ ಏರುತ್ತದೆ, ತೂಕ ಇಳಿದವರಲ್ಲಿ ಇನ್ನೂ ಜಾಸ್ತಿ. ಹೊಟ್ಟೆ ತುಂಬಿತು ಎನ್ನುವ ಪಿವೈವೈ ಕುಗ್ಗುತ್ತದೆ. ಮೆದುಳಿಗೆ ಸುದ್ದಿ ಮುಟ್ಟಿಸುವ ಲೆಪ್ಟಿನ್ ಕೊಬ್ಬಿನಿಂದ ಬರುವಂಥದ್ದು, ಅದೂ ಇಲ್ಲೇ ಸೇರಿದೆ. ಜಿಎಲ್‌ಪಿ-1 ಎಂಬ ಹಸಿವು ತಗ್ಗಿಸುವ ಕರುಳಿನ ಹಾರ್ಮೋನು ರಕ್ತದಲ್ಲಿ ಎರಡೇ ನಿಮಿಷಕ್ಕೆ ಅರ್ಧವಾಗುತ್ತದೆ, ತೂಕ ಬದಲಾಗುವುದು ತಿಂಗಳುಗಳಲ್ಲಿ. ಒಂದೊಂದಕ್ಕೂ ಒಂದು ಸಮೀಕರಣ ಬರೆದರೆ ಗೊತ್ತಿಲ್ಲದ ಸ್ಥಿರಾಂಕಗಳು ರಾಶಿ ಬೀಳುತ್ತವೆ. ಅಂಥ ಮಾದರಿ ಯಾವ ತೂಕದ ರೇಖೆಗೆ ಬೇಕಾದರೂ ಹೊಂದಿಕೊಳ್ಳುತ್ತದೆ. ಅದಕ್ಕೇ ನನಗೆ ಅದರ ಮೇಲೆ ಅನುಮಾನ.

ಇದೇ ಜಿಎಲ್‌ಪಿ-1ರಂತೆ ಕೆಲಸ ಮಾಡುವ ತೂಕ ಇಳಿಸುವ ಔಷಧಿ ಸೆಮಾಗ್ಲುಟೈಡ್. ಅದು ರಕ್ತದಲ್ಲಿ ಅರ್ಧವಾಗಲು ಸುಮಾರು ವಾರ ಬೇಕು. 68 ವಾರಗಳ ಪ್ರಯೋಗದಲ್ಲಿ ತೂಕ ಸರಾಸರಿ ಶೇ 15ರಷ್ಟು ಇಳಿಯಿತು. ಇಳಿಕೆ ನಿಂತದ್ದು ವರ್ಷ ದಾಟಿದ ಮೇಲೆ. ನನಗೆ ಮುಖ್ಯವಾಗಿ ಕಾಣುವುದು ಈ ತಡ. ಔಷಧಿ ಹಸಿವನ್ನು ಒಂದೇ ಸಮ ತಗ್ಗಿಸಿದ್ದರೆ ತೂಕ ಹೆಚ್ಚು ಇಳಿಯುತ್ತಿತ್ತು, ಆದರೆ ನಿಲ್ಲುವ ಹೊತ್ತು ಮುಂದೆ ಹೋಗುತ್ತಿರಲಿಲ್ಲ. ತಡವಾಗಿ ನಿಂತಿದೆ ಅಂದರೆ ಆ 100 ಎಂಬ ಸಂಖ್ಯೆಯೇ ಸಣ್ಣದಾಗಿರಬೇಕು. ಔಷಧಿ ನಿಲ್ಲಿಸಿದಾಗ ಅದು ಹಳೇ ಜಾಗಕ್ಕೆ ಮರಳುತ್ತದೆ. ಆ ಪ್ರಯೋಗದಲ್ಲೂ ನಿಲ್ಲಿಸಿದ ವರ್ಷದೊಳಗೆ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ವಾಪಸ್ ಬಂದಿತ್ತು.