‘ತೀರಿಕೊಂಡರು’ ಎಂದರೆ ಗೌರವ ಕಡಿಮೆಯೇ?

ಪ್ರಶ್ನೆ: ತಾತನ ಉತ್ತರಕ್ರಿಯೆಯ ಕಾರ್ಡು ಅಚ್ಚು ಹಾಕಿಸುತ್ತಿದ್ದೇವೆ. ‘ತೀರಿಕೊಂಡರು’ ಎಂದರೆ ಸಾಕೇ, ‘ನಿಧನರಾದರು’ ಎಂದೇ ಇರಬೇಕೇ?

ಉತ್ತರ: ಎರಡೂ ಸರಿ. ಪತ್ರಿಕೆಗೆ ಕೊಡುವ ಸುದ್ದಿಗೆ ‘ನಿಧನರಾದರು’ ಒಪ್ಪುತ್ತದೆ. ಬಂಧುಗಳ ಕೈಸೇರುವ ಕಾರ್ಡಿಗೆ ‘ತೀರಿಕೊಂಡರು’ ಹೆಚ್ಚು ಹತ್ತಿರ. ಲಿಂಗಾಯತರ ಮನೆಯಾದರೆ ‘ಲಿಂಗೈಕ್ಯರಾದರು’ ರೂಢಿಯಲ್ಲೇ ಇದೆ. ಉತ್ತರ ಇಷ್ಟೇ. ಆದರೆ ಈ ಪ್ರಶ್ನೆಯ ಬೆನ್ನಿಗೊಂದು ನಂಬಿಕೆ ಇದೆ. ಎಷ್ಟು ಸಲ ಹೇಳಿದರೂ ಅದು ಮತ್ತೆ ಬಂದು ಬಾಗಿಲು ತಟ್ಟುತ್ತದೆ: ಸಂಸ್ಕೃತದ ಪದವಾದರೆ ಮರ್ಯಾದೆ, ಕನ್ನಡದ್ದಾದರೆ ಒರಟು.

ಹಾಗಾದರೆ ‘ಶವ’ ಸಂಸ್ಕೃತವಲ್ಲವೇ? ತಾತನನ್ನು ಮಲಗಿಸಿದ ಪಡಸಾಲೆಯಲ್ಲಿ ನಿಂತು ಯಾರಾದರೂ ‘ಶವ ಯಾವಾಗ ಎತ್ತುತ್ತೀರಿ’ ಎಂದು ಕೇಳಿದರೆ ಮನೆಯವರಿಗೆ ಹೇಗಾದೀತು? ‘ಕಳೇಬರ’ವೂ ಸಂಸ್ಕೃತದಿಂದಲೇ ಬಂದದ್ದು, ಇಂದಿನ ಪತ್ರಿಕೆಗಳಲ್ಲಿ ಅದು ಹೆಚ್ಚಾಗಿ ಕಾಡಾನೆಗೆ, ಹುಲಿಗೆ. ‘ಮೃತಪಟ್ಟರು’ ಅಪಘಾತದ ವರದಿಯ ಮಾತು. ನನ್ನ ವಿದ್ಯಾರ್ಥಿಯೊಬ್ಬ ರಜೆಯ ಅರ್ಜಿಯಲ್ಲಿ ‘ನನ್ನ ಅಜ್ಜಿ ಮೃತಪಟ್ಟಿರುತ್ತಾರೆ’ ಎಂದು ಬರೆದಿದ್ದ. ಅರ್ಜಿ ಕೊಡುವಾಗ ಅವನ ಕಣ್ಣು ತುಂಬಿತ್ತು. ಕಾಗದದ ಮೇಲೆ ಇದ್ದದ್ದು ಪೊಲೀಸ್ ಮಹಜರಿನ ಭಾಷೆ. ಗೌರವ ಕೊಡಬೇಕೆಂದೇ ಆ ಪದ ಹುಡುಕಿದ್ದನಂತೆ!

ಈಗ ಕನ್ನಡದ ಕಡೆ ನೋಡಿ. ಸಾಲ ತೀರುತ್ತದೆ, ಋಣ ತೀರುತ್ತದೆ, ಆಸೆ ತೀರುತ್ತದೆ. ‘ತೀರಿಕೊಂಡರು’ ಎನ್ನುವಾಗ ಇವೆಲ್ಲದರ ನೆರಳೂ ಆ ಮಾತಿನ ಮೇಲೆ ಬೀಳುತ್ತದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ 7ನೆಯ ಶತಮಾನದ ಶಾಸನಗಳು ಸಲ್ಲೇಖನ (ಉಪವಾಸವಿದ್ದು ದೇಹ ಬಿಡುವ ಜೈನ ವ್ರತ) ಕೈಗೊಂಡ ಮುನಿಗಳ ಸಾವನ್ನು ‘ಮುಡಿಪ್ಪಿದರ್’ ಎನ್ನುತ್ತವೆ. ಅಂದರೆ ಪೂರ್ಣಗೊಳಿಸಿದರು, ಅಚ್ಚಗನ್ನಡ. ಶತ್ರುಗಳು ಹೊಡೆದುಕೊಂಡು ಹೋದ ದನಗಳನ್ನು ಬಿಡಿಸಲು ಹೋಗಿ ಪ್ರಾಣ ಕೊಟ್ಟವರಿಗೆ ಊರು ವೀರಗಲ್ಲು ನಿಲ್ಲಿಸಿತು; ಕಲ್ಲಿನ ಮೇಲೆ ಕೆತ್ತಿಸಿದ್ದು ‘ಕಾದಿ ಸತ್ತ’ ಎಂದು. ಅದಕ್ಕಿಂತ ದೊಡ್ಡ ಮರ್ಯಾದೆ ಬೇಕೇ? ‘ಅಮ್ಮ ಸತ್ತುಹೋದಳು’ ಎಂದು ಅಳುವ ಮಗುವಿನ ಬಾಯಲ್ಲಿ ‘ನಿಧನರಾದರು’ ಇಟ್ಟು ನೋಡಿ, ಆ ಅಳುವೇ ಸುಳ್ಳೆನಿಸುತ್ತದೆ.

ನಡುರಾತ್ರಿ ಫೋನು ಮಾಡಿದ ಅಣ್ಣ ‘ಅಪ್ಪ ಹೋಗಿಬಿಟ್ಟರು ಕಣೋ’ ಎನ್ನುತ್ತಾನೆ. ಬರೀ ‘ಹೋದರು’ ಎನ್ನುವುದಿಲ್ಲ. ಆಸ್ಪತ್ರೆಯಲ್ಲಿ ಅವನು ಕೈಹಿಡಿದು ಕುಳಿತದ್ದು, ಹಿಡಿದಿದ್ದರೂ ನಿಲ್ಲಿಸಿಕೊಳ್ಳಲಾಗದ್ದು, ಎಲ್ಲವೂ ಆ ‘ಬಿಟ್ಟರು’ ಒಳಗಿದೆ.

ಸಾವನ್ನು ನೆನಪಿಸುವ ಮಾತು ಬಾಯಿಗೆ ಬರಬಾರದೆಂಬ ಇನ್ನೊಂದು ಎಚ್ಚರ ನಮ್ಮ ಮನೆಗಳಲ್ಲಿ ಬೆಳೆದಿದೆ. ಬಳೆ ಒಡೆದರೆ ‘ಹೆಚ್ಚಿತು’ ಎನ್ನುತ್ತೇವೆ. ದೀಪವನ್ನು ಆರಿಸು ಎನ್ನದೆ ‘ದೊಡ್ಡದು ಮಾಡು’ ಎನ್ನುತ್ತೇವೆ. ‘ಹೋಗು’ ಸಾವಿಗೂ ಸಲ್ಲುವ ಮಾತಾದ್ದರಿಂದ ಹೊರಡುವವರು ‘ಹೋಗುತ್ತೇನೆ’ ಎನ್ನುವಂತಿಲ್ಲ. ಒಮ್ಮೆ ಬಸ್ಸಿನ ಅವಸರದಲ್ಲಿ ನಾನು ಹಾಗೆಂದು ಹೊಸಿಲು ದಾಟಿದ್ದೆ. ಅಜ್ಜಿ ವಾಪಸು ಕರೆದು ಕೂರಿಸಿ, ಒಂದು ಲೋಟ ನೀರು ಕುಡಿಸಿ, ‘ಬರುತ್ತೇನೆ’ ಎನ್ನಿಸಿಯೇ ಕಳುಹಿಸಿದರು.