ಓದುಗರ ಪ್ರಶ್ನೆ: ಎಲ್ಲಾ ಮೊಬೈಲ್‌ನಲ್ಲೇ ಬರುವಾಗ ನಮ್ಮೂರ ಪೇಪರ್ ಇನ್ನು ಯಾಕೆ?

ಪ್ರಶ್ನೆ: ನಾನು ವಿಜಯಪುರದವನು. ಮನೆಗೆ ಒಂದು ಜಿಲ್ಲಾ ಪೇಪರ್ ಬರುತ್ತದೆ, ನಾಲ್ಕೇ ಪುಟ. ಅದರಲ್ಲಿರೋದನ್ನೆಲ್ಲ ಹಿಂದಿನ ದಿನವೇ ವಾಟ್ಸಾಪ್‌ನಲ್ಲಿ ನೋಡಿರುತ್ತೇನೆ. ಇಂಥ ಪೇಪರ್‌ಗಳು ಇನ್ನೆಷ್ಟು ದಿನ ಉಳಿಯುತ್ತವೆ? ನಿಲ್ಲಿಸಿಬಿಡಲಾ?

ಉತ್ತರ: ಬರೀ ಸುದ್ದಿಗೋಸ್ಕರ ತರಿಸುತ್ತಿದ್ದರೆ ನಿಲ್ಲಿಸಿ, ತಪ್ಪೇನಿಲ್ಲ. ಆಲಮಟ್ಟಿಗೆ ಎಷ್ಟು ನೀರು ಬಂತು, ಸೋಲಾಪುರ ರಸ್ತೆಯಲ್ಲಿ ಯಾವ ಲಾರಿ ಪಲ್ಟಿಯಾಯ್ತು ಅನ್ನೋದನ್ನ ಮರುದಿನ ಬೆಳಿಗ್ಗೆವರೆಗೆ ಕಾದು ಓದೋರು ಯಾರಿದ್ದಾರೆ? ಆದರೆ ಹುಡುಗನಿಗೆ ನಾಳೆಯಿಂದ ಹಾಕಬೇಡ ಅನ್ನೋ ಮೊದಲು ಒಳಪುಟದ ಕೆಳಗಿನ ಮೂಲೆ ಒಮ್ಮೆ ನೋಡಿ. ಇರುವೆ ಸಾಲಿನಂಥ ಅಕ್ಷರದಲ್ಲಿ 'ಜಾಹೀರ ನೋಟೀಸು' ಅಂತ ಇರುತ್ತಲ್ಲ, ಅದು.

ನಮ್ಮ ಕಾಕಾ ಒಬ್ಬರು ದುಡಿಯೋಕೆ ಪುಣೆಗೆ ಹೋಗಿ ಸೇರಿ ಬಹಳ ವರ್ಷ ಆಯ್ತು. ಇತ್ತ ಊರಲ್ಲಿ ಹೊಲದ ವಾಟ್ನಿಗೆ, ಅಂದರೆ ಪಾಲಿಗೆ, ದಾವೆ ಬಿತ್ತು. ಸಮನ್ಸ್ ಹಳೇ ಮನೆಗೆ ಹೋಗಿ, ಬೀಗ ನೋಡಿ ವಾಪಸ್ ಬಂತು. ಇಂಥ ಹೊತ್ತಲ್ಲಿ ಕೋರ್ಟ್ 'ಪೇಪರ್‌ನಲ್ಲಿ ಹಾಕಿಸಿ' ಅನ್ನಬಹುದು, ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 20ನೇ ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ಯಾವ ಪೇಪರ್ ಅನ್ನೋದನ್ನೂ ಅಲ್ಲೇ ಹೇಳಿದ್ದಾರೆ: ಆ ಮನುಷ್ಯ ಕೊನೆಗೆ ಎಲ್ಲಿ ವಾಸ ಇದ್ದನೋ ಆ ಭಾಗದಲ್ಲಿ ಬರುವ ದಿನಪತ್ರಿಕೆ. ಅದರಲ್ಲಿ ಅಚ್ಚಾಯಿತು ಅಂದರೆ ಕೈಗೆ ಕೊಟ್ಟಷ್ಟೇ ಲೆಕ್ಕ. ಆಮೇಲೆ 'ನಾನು ನೋಡೇ ಇಲ್ಲ ಸಾಹೇಬ್ರೆ' ಅಂದರೆ ಅಷ್ಟು ಸುಲಭಕ್ಕೆ ನಡೆಯಲ್ಲ.

ಕಾಕಾ ಬಚಾವಾಗಿದ್ದು ಊರಿನ ಕಟಿಂಗ್ ಅಂಗಡಿಯವನಿಂದ. ಗಿರಾಕಿ ಇಲ್ಲದ ಮಧ್ಯಾಹ್ನ ಪೇಪರ್‌ನ ಒಂದಕ್ಷರ ಬಿಡದೆ ಓದೋ ಆಸಾಮಿ. ಅಜ್ಜನ ಹೆಸರು, ಸರ್ವೆ ನಂಬರ್ ನೋಡಿ ಗುರುತು ಹಿಡಿದು ಪುಣೆಗೆ ಫೋನ್ ಹಚ್ಚಿದ: "ಕಾಕಾ, ನಿಮ್ಮ ಹೆಸರು ಪೇಪರ್‌ನ್ಯಾಗ ಬಂದೈತ್ರಿ, ಲಗೂನ ಬರ್ರಿ." ತಾರೀಖಿಗೆ ಆರೇ ದಿನ ಉಳಿದಿತ್ತು.

ನಮ್ಮ ಎರಡು ಜಿಲ್ಲೆಗೆ ಇದು ಬರೀ ಮನೆ ಜಗಳದ ಮಾತಲ್ಲ. ಆಲಮಟ್ಟಿ ನೀರಿನ ಮಟ್ಟವನ್ನ 519.60 ಮೀಟರ್‌ನಿಂದ 524.256ಕ್ಕೆ ಏರಿಸೋ ಯೋಜನೆ ಇದೆ, ಅದಕ್ಕೆ ವಿಜಯಪುರ, ಬಾಗಲಕೋಟೆ ಕಡೆಯ ಹೊಲ ಮನೆ ಹೋಗುತ್ತವೆ. 2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ಪ್ರಾಥಮಿಕ ಅಧಿಸೂಚನೆ ಗೆಜೆಟ್, ಪಂಚಾಯಿತಿ, ವೆಬ್‌ಸೈಟ್ ಜೊತೆಗೆ ಆ ಭಾಗದ ಎರಡು ದಿನಪತ್ರಿಕೆಯಲ್ಲೂ ಬರಬೇಕು, ಒಂದು ಇಲ್ಲಿನ ಭಾಷೆಯದ್ದೇ ಆಗಿರಬೇಕು. ಅದು ಬಂದ ಮೇಲೆ ತಕರಾರು ಕೊಡೋಕೆ 60 ದಿನ. ಸರ್ಕಾರಿ ವೆಬ್‌ಸೈಟ್‌ಗೆ ದಿನಾ ಹೋಗಿ ಇಣುಕೋ ರೈತನನ್ನ ನಾನಂತೂ ನೋಡಿಲ್ಲ.

ಇನ್ನು ಎಷ್ಟು ದಿನ ಅನ್ನೋ ಪ್ರಶ್ನೆ. ಮೊಬೈಲ್ ಬಂದು ಓದುಗರು ಹೋದರು ಅಂತ ಎಲ್ಲ ಹೇಳುತ್ತಾರೆ, ಆದರೆ ಪೇಪರ್ ನಡೆಸೋರಿಗೆ ಪೆಟ್ಟು ಬಿದ್ದದ್ದು ಜಾಹೀರಾತಿನಲ್ಲಿ. ಪುಣ್ಯಸ್ಮರಣೆ ಸ್ಟೇಟಸ್‌ಗೆ ಹೋಯ್ತು. ಬಾಡಿಗೆ ಮನೆ, ಹಳೇ ಟ್ರ್ಯಾಕ್ಟರ್ ಫೇಸ್‌ಬುಕ್‌ಗೆ ಹೋದವು. ಲೀಡರ್ ಹುಟ್ಟುಹಬ್ಬ ಫ್ಲೆಕ್ಸ್‌ಗೆ ಹೋಯ್ತು (ಇದರಲ್ಲಿ ಇಂಟರ್ನೆಟ್ ತಪ್ಪಿಲ್ಲ ಬಿಡಿ, ಗಾಂಧಿ ಚೌಕದಲ್ಲಿ ಮುಖ ದೊಡ್ಡದಾಗಿ ಕಾಣುತ್ತೆ, ಅಷ್ಟೇ). ಆ ಹೊತ್ತಿಗೇ 2019ರಲ್ಲಿ ಆಮದು ಕಾಗದದ ಮೇಲೆ ಶೇ 10 ಸುಂಕ ಬಿತ್ತು, ಮರುವರ್ಷ ಶೇ 5ಕ್ಕೆ ಇಳಿಸಿದರೂ ಅಷ್ಟರಲ್ಲಿ ಕೊರೊನಾ ಬಂತು, ಪೇಪರ್ ಮುಟ್ಟೋಕೇ ಜನ ಹೆದರಿದರು, ಆಗ ನಿಲ್ಲಿಸಿದವರಲ್ಲಿ ಎಷ್ಟೋ ಮಂದಿ ತಿರುಗಿ ಹಾಕಿಸಿಕೊಳ್ಳಲೇ ಇಲ್ಲ. ಈಗ ಸಣ್ಣ ಪೇಪರ್‌ಗಳ ಕೈಯಲ್ಲಿ ಉಳಿದಿರೋದು ಸರ್ಕಾರಿ ಜಾಹೀರಾತು, ಟೆಂಡರ್, ಈ ನೋಟೀಸು. ನಾಳೆ ಕಾನೂನು ತಿದ್ದಿ 'ವೆಬ್‌ಸೈಟ್‌ನಲ್ಲಿ ಹಾಕಿದರೆ ಸಾಕು' ಅಂದರೆ ಅದೂ ಹೋಯ್ತು.

ಹಾಗಾಗಿ ಸುಮಾರು ಪೇಪರ್ ಮುಚ್ಚುತ್ತವೆ ಅಂತಲೇ ನನ್ನ ಲೆಕ್ಕ. ಕೆಲವು ಮುಚ್ಚಿದರೆ ನನಗೆ ಬೇಜಾರೂ ಇಲ್ಲ. ಬಂದ ಪ್ರೆಸ್ ನೋಟ್ ಹಾಗೇ ಅಂಟಿಸಿ, ದೀಪಾವಳಿ ಬಂದಾಗ ಮಾತ್ರ ಜಾಹೀರಾತು ಕೇಳೋಕೆ ಬಾಗಿಲಿಗೆ ಬರೋ ಪೇಪರ್ ಯಾರಿಗೆ ಬೇಕು? ಅಂಥದ್ದರಲ್ಲಿ ನೋಟೀಸು ಬಂದರೂ ಒಂದೇ, ಬಿಟ್ಟರೂ ಒಂದೇ. ಕಟಿಂಗ್ ಅಂಗಡಿಯಲ್ಲಿ ಬಿಡಿಸಿ ಓದಬೇಕು ಅಂದರೆ ಪೇಪರ್‌ನಲ್ಲಿ ಬೇರೆ ಕಡೆ ಸಿಗದ್ದು ಇರಬೇಕು: ಎಪಿಎಂಸಿಯ ಒಣದ್ರಾಕ್ಷಿ ದರ, ಯಾವ ಸಕ್ಕರೆ ಕಾರ್ಖಾನೆ ಕಬ್ಬಿನ ಬಿಲ್ ಎಷ್ಟು ಬಾಕಿ ಇಟ್ಟಿದೆ, ಯಾವ ಪಂಚಾಯಿತಿ ಟೆಂಡರ್ ಯಾರಿಗಾಯ್ತು.

ಪೇಪರ್ ಕಾಗದದಲ್ಲೇ ಇರಬೇಕು ಅಂತ ನಾನು ಹಟ ಹಿಡಿಯಲ್ಲ. ಬೆಳಿಗ್ಗೆ ಗ್ರೂಪ್‌ಗೆ ಪಿಡಿಎಫ್ ಬಿಡೋರು ಈಗಲೇ ಇದ್ದಾರೆ. ಎಡವಟ್ಟು ಇರೋದು ಅದರೊಳಗೆ. ಎಷ್ಟೋ ಕಡೆ ಪುಟ ಕಟ್ಟೋದು ಇನ್ನೂ ಯುನಿಕೋಡ್ (ಎಲ್ಲ ಮೊಬೈಲ್, ಕಂಪ್ಯೂಟರ್‌ಗೂ ಒಂದೇ ಥರ ಗೊತ್ತಾಗೋ ಅಕ್ಷರ ಪದ್ಧತಿ) ಅಲ್ಲದ ಹಳೇ ಫಾಂಟ್‌ನಲ್ಲಿ, ಅಥವಾ ಪುಟವನ್ನ ಫೋಟೊ ಮಾಡಿ ಹಾಕುತ್ತಾರೆ. ನಿಮ್ಮ ಹೆಸರು ಟೈಪ್ ಮಾಡಿ ಹುಡುಕಿದರೆ, ಕಣ್ಣೆದುರೇ ಅಚ್ಚಾಗಿದ್ದರೂ ಸಿಗಲ್ಲ. ಇಂಡಿಯಲ್ಲೋ ಬೀಳಗಿಯಲ್ಲೋ ಒಂದು ಪೇಪರ್ ತನ್ನ ಹತ್ತು ವರ್ಷದ ನೋಟೀಸುಗಳನ್ನ ಯುನಿಕೋಡ್‌ನಲ್ಲಿ, ಊರು ಮತ್ತು ಸರ್ವೆ ನಂಬರ್ ಪ್ರಕಾರ ಜೋಡಿಸಿ ಇಟ್ಟರೆ, ವಕೀಲರು, ಬ್ಯಾಂಕಿನವರು, ಜಾಗ ಕೊಳ್ಳೋರು ದುಡ್ಡು ಕೊಟ್ಟು ನೋಡುತ್ತಾರೆ ಅಂತ ನನಗನ್ನಿಸುತ್ತೆ. ಗೂಗಲ್‌ಗೂ ಇದು ಸಿಗದ ಮಾಲು.

ಊರಲ್ಲಿ ನಿಮ್ಮ ಹೆಸರಿಗೆ ಹೊಲ ಇದ್ದರೆ ಸದ್ಯಕ್ಕೆ ಪೇಪರ್ ನಿಲ್ಲಿಸಬೇಡಿ. ಕಾಕಾ ಈಗ ಪುಣೆಯಲ್ಲಿ ಕೂತು ದಿನಾ ಪಿಡಿಎಫ್ ತೆಗೆದು ಆ ಮೂಲೆಯನ್ನ ಎರಡು ಬೆರಳಲ್ಲಿ ಹಿಗ್ಗಿಸುತ್ತಾರೆ. ಹಿಗ್ಗಿಸಿದಷ್ಟೂ ಅಕ್ಷರ ಮಸುಕಾಗುತ್ತೆ, ಆಮೇಲೆ ಕಟಿಂಗ್ ಅಂಗಡಿಗೇ ಫೋನ್ ಮಾಡುತ್ತಾರೆ.