ಉಂಗುರ ಎಣಿಸುವ ಲೆಕ್ಕ ಎಲ್ಲಿಂದ ಬಂತು?

1991ರ ಜನವರಿ 27. ಫ್ಲಾರಿಡಾದ ಟ್ಯಾಂಪಾ. ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್ ಮುಗಿಯಲು ಇನ್ನು 8 ಸೆಕೆಂಡ್ ಬಾಕಿ. ನ್ಯೂಯಾರ್ಕ್ ಜೈಂಟ್ಸ್ 20, ಬಫಲೋ ಬಿಲ್ಸ್ 19. ಬಿಲ್ಸ್ ತಂಡದ ಸ್ಕಾಟ್ ನಾರ್ವುಡ್ 47 ಗಜ ದೂರದಿಂದ ಚೆಂಡನ್ನು ಎರಡು ಕಂಬಗಳ ನಡುವೆ ಹೋಗುವಂತೆ ಒದೆಯಬೇಕು. ಹೋದರೆ 3 ಅಂಕ, ಟ್ರೋಫಿ ಬಫಲೋಗೆ. ಚೆಂಡು ಎತ್ತರಕ್ಕೆ ಹೋಯಿತು, ಬೇಕಾದಷ್ಟು ದೂರವೂ ಹೋಯಿತು. ಆದರೆ ಬಲಗಡೆಯ ಕಂಬದ ಆಚೆ ಹೋಯಿತು.

ಆ ಒದೆತಕ್ಕೆ ಮುಂಚೆ ಬಿಲ್ಸ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವರು) ಜಿಮ್ ಕೆಲ್ಲಿ ತಮ್ಮ ಪಾಲಿನ ಕೆಲಸ ಮುಗಿಸಿ ಪಕ್ಕಕ್ಕೆ ಬಂದಿದ್ದರು. 2 ನಿಮಿಷ 16 ಸೆಕೆಂಡ್ ಉಳಿದಿದ್ದಾಗ ತಮ್ಮದೇ 10 ಗಜದ ಗೆರೆಯಿಂದ ಹೊರಟು, ತಂಡವನ್ನು ಎದುರಾಳಿಯ 29ನೇ ಗಜದವರೆಗೆ ತಂದು ನಿಲ್ಲಿಸಿದ್ದರು. ಮುಂದಿನದು ಇನ್ನೊಬ್ಬರ ಕಾಲಿನಲ್ಲಿತ್ತು. ಆದರೂ ಇವತ್ತಿಗೂ ಕೆಲ್ಲಿ ಹೆಸರು ಬಂದ ಕೂಡಲೇ ಮೊದಲು ಬರುವ ಮಾತು ಒಂದೇ: ‘ಸಾಲಾಗಿ ನಾಲ್ಕು ಫೈನಲ್, ಒಂದೂ ಉಂಗುರ ಇಲ್ಲ.’ ಅವತ್ತು ಗೆದ್ದ ಜೈಂಟ್ಸ್‌ನ ಕ್ವಾರ್ಟರ್‌ಬ್ಯಾಕ್ ಜೆಫ್ ಹಾಸ್ಟೆಟ್ಲರ್. ತಂಡದ ಮೊದಲ ಆಯ್ಕೆ ಫಿಲ್ ಸಿಮ್ಸ್ ಡಿಸೆಂಬರ್‌ನಲ್ಲಿ ಗಾಯಗೊಂಡಿದ್ದರಿಂದ ಅವರಿಗೆ ಜಾಗ ಸಿಕ್ಕಿತ್ತು. ಹಾಸ್ಟೆಟ್ಲರ್ ಬೆರಳಿಗೆ ಉಂಗುರ ಬಂತು. ಕೆಲ್ಲಿಗೆ ಬರಲಿಲ್ಲ.

ಅಮೆರಿಕನ್ ಫುಟ್‌ಬಾಲ್‌ನ ಅತಿ ದೊಡ್ಡ ಜಗಳ ಇದೇ. ಒಬ್ಬ ಕ್ವಾರ್ಟರ್‌ಬ್ಯಾಕ್ ಎಷ್ಟು ದೊಡ್ಡವನು ಅಂತ ಅಳೆಯುವುದು ಹೇಗೆ? ಸೂಪರ್ ಬೌಲ್ ಗೆದ್ದವರಿಗೆ ಕೊಡುವ ಉಂಗುರಗಳನ್ನು ಎಣಿಸಿದರೆ ಸಾಕೇ? ನ್ಯೂಜೆರ್ಸಿಯಲ್ಲೋ ಡಲ್ಲಾಸ್‌ನಲ್ಲೋ ಕೆಲಸ ಮಾಡುವ ನಮ್ಮವರು ಚಳಿಗಾಲದ ಸೋಮವಾರ ಆಫೀಸಿಗೆ ಹೋದರೆ ಇದೇ ಮಾತು ಕಿವಿಗೆ ಬೀಳುತ್ತದೆ. ಹೊಸಬರಿಗೆ ತಲೆಬುಡ ತಿಳಿಯುವುದಿಲ್ಲ. ಈ ಲೆಕ್ಕ ಹೇಗೆ ಹುಟ್ಟಿತು ಅಂತ ಗೊತ್ತಾದರೆ ಜಗಳ ಅರ್ಥವಾಗುತ್ತದೆ.

ಮೊದಲು ಆಟದ ಬಗ್ಗೆ ಎರಡು ಮಾತು. ಮೈದಾನದಲ್ಲಿ ಪ್ರತಿ ತಂಡಕ್ಕೂ 11 ಜನ. ಚೆಂಡು ಕೈಯಲ್ಲಿರುವ ತಂಡಕ್ಕೆ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಪ್ರತಿ ಸಲವೂ ಚೆಂಡು ಮೊದಲು ಬರುವುದು ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್ ಕೈಗೆ. ಎಸೆಯಬೇಕೋ, ಪಕ್ಕದವನಿಗೆ ಕೊಡಬೇಕೋ, ತಾನೇ ಓಡಬೇಕೋ ಅಂತ ಎರಡು ಮೂರು ಸೆಕೆಂಡಿನಲ್ಲಿ ಆತ ತೀರ್ಮಾನ ಮಾಡಬೇಕು. ಆದರೆ ಎದುರಾಳಿ ಕೈಗೆ ಚೆಂಡು ಹೋದಾಗ ಆತ ಹೊರಗೆ ಬರುತ್ತಾನೆ. ತಡೆಯುವ ಕೆಲಸಕ್ಕೆ ಬೇರೆ 11 ಜನ, ಒದೆಯಲು ಬೇರೆಯವನು. ಅಂದರೆ ಆಟದ ಹತ್ತಿರ ಹತ್ತಿರ ಅರ್ಧ ಹೊತ್ತು ಅವನ ಕೈಯಲ್ಲಿ ಏನೂ ಇರುವುದಿಲ್ಲ. ಹಾಗಿದ್ದರೂ ಗೆಲುವು ಸೋಲು ಎರಡನ್ನೂ ಅವನ ಖಾತೆಗೆ ಬರೆಯುತ್ತಾರೆ.

ಮೊದಲು ಹೀಗಿರಲಿಲ್ಲ. 1906ರವರೆಗೆ ಚೆಂಡನ್ನು ಮುಂದಕ್ಕೆ ಎಸೆಯುವುದೇ ನಿಯಮಕ್ಕೆ ವಿರುದ್ಧವಾಗಿತ್ತು. ಗುಂಪು ಗುಂಪಾಗಿ ನುಗ್ಗುವ ಆಟ ಅದು. ಮೈದಾನದಲ್ಲಿ ಹುಡುಗರು ಸಾಯುತ್ತಿದ್ದರು. 1905ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಕಾಲೇಜುಗಳವರನ್ನು ಶ್ವೇತಭವನಕ್ಕೆ ಕರೆಸಿ ಆಟ ಸುಧಾರಿಸಿ ಅಂದರು. ಮರುವರ್ಷ ಮುಂದಕ್ಕೆ ಎಸೆಯಲು ಒಪ್ಪಿಗೆ ಸಿಕ್ಕಿತು. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ 1920ರಲ್ಲಿ ಶುರುವಾಯಿತು. 1933ರಲ್ಲಿ ಅದು ಇನ್ನೊಂದು ಕಟ್ಟು ಸಡಿಲಿಸಿ, ಆಟ ಶುರುವಾಗುವ ಗೆರೆಯ ಹಿಂದೆ ಎಲ್ಲಿಂದ ಬೇಕಾದರೂ ಎಸೆಯಬಹುದು ಅಂದಿತು. ಜೀವ ಉಳಿಸಲು ಮಾಡಿದ ನಿಯಮದಿಂದ ಈ ಆಟದ ದೊಡ್ಡ ತಾರೆ ಹುಟ್ಟಿದ.

1937ರಲ್ಲಿ ವಾಷಿಂಗ್ಟನ್ ತಂಡಕ್ಕೆ ಬಂದ ಸ್ಯಾಮಿ ಬಾ ಎಸೆತವನ್ನು ಆಟದ ನಡುವಿಗೆ ತಂದರು. ಅವರ 1943ರ ಸೀಸನ್ ನೋಡಿದರೆ ಈಗಲೂ ಆಶ್ಚರ್ಯವಾಗುತ್ತದೆ. ಎಸೆತದಲ್ಲಿ ಅವರೇ ಮೊದಲು, ಚೆಂಡು ಒದೆಯುವುದರಲ್ಲಿ ಅವರೇ ಮೊದಲು, ಎದುರಾಳಿಯ ಎಸೆತ ಕಸಿಯುವುದರಲ್ಲೂ ಅವರೇ ಮೊದಲು. ಆಗ ಒಬ್ಬನೇ ಆಟಗಾರ ಎರಡೂ ಕಡೆ ಆಡುತ್ತಿದ್ದ. ಗೆಲುವನ್ನು ಒಬ್ಬನ ಖಾತೆಗೆ ಬರೆಯುವುದು ಆ ಕಾಲದಲ್ಲಾದರೆ ಒಪ್ಪುವ ಮಾತಾಗಿತ್ತು. ಆದರೆ ಆಗ ಯಾರೂ ಹಾಗೆ ಬರೆಯಲಿಲ್ಲ.

ಆಮೇಲೆ ಆಟೊ ಗ್ರಹಾಂ. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಪರ 1946ರಿಂದ 1955ರವರೆಗೆ 10 ವರ್ಷ ಆಡಿದರು. ಹತ್ತೂ ವರ್ಷ ತಂಡ ಫೈನಲ್‌ಗೆ ಹೋಯಿತು, 7 ಸಲ ಗೆದ್ದಿತು. ನಮ್ಮ ಕಾಲದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಗೆದ್ದಿದ್ದೂ ಏಳೇ ಅಲ್ವಾ? ಆದರೂ ‘ಸಾರ್ವಕಾಲಿಕ ಶ್ರೇಷ್ಠ ಯಾರು’ ಅಂತ ಕೇಳಿದರೆ ಗ್ರಹಾಂ ಹೆಸರು ಹೇಳುವವರು ಕಡಿಮೆ. ಆ ಏಳರಲ್ಲಿ ನಾಲ್ಕು ಎನ್‌ಎಫ್‌ಎಲ್ ಆಚೆಗಿನ ಇನ್ನೊಂದು ಲೀಗ್‌ನವು. ಅದಕ್ಕಿಂತ ದೊಡ್ಡ ಕಾರಣ, ಸೂಪರ್ ಬೌಲ್ ಅನ್ನುವ ಹೆಸರೇ ಆಗ ಇರಲಿಲ್ಲ. ಮೊದಲ ಸೂಪರ್ ಬೌಲ್ ನಡೆದದ್ದು 1967ರ ಜನವರಿಯಲ್ಲಿ. ಗ್ರೀನ್ ಬೇ ತಂಡದ ಬಾರ್ಟ್ ಸ್ಟಾರ್ ಐದು ಬಾರಿ ಲೀಗ್ ಚಾಂಪಿಯನ್ ಆದವರು. ಉಂಗುರದ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಇರುವುದು ಎರಡು. ಆ ಪಟ್ಟಿ ಸುಮಾರು ಅರ್ಧ ಶತಮಾನದ ಆಟವನ್ನು ಹೊರಗಿಟ್ಟು ಶುರುವಾಗುತ್ತದೆ. ಬರೀ ಉಂಗುರ ಎಣಿಸುವವರ ಜೊತೆ ನನಗಿರುವ ಮೊದಲ ತಕರಾರು ಇದು.

ಟಿವಿ ಬಂದ ಮೇಲೆ ಕಥೆ ಬದಲಾಯಿತು. 1958ರ ಡಿಸೆಂಬರ್ 28ರಂದು ಯಾಂಕಿ ಸ್ಟೇಡಿಯಂನಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ಹೆಚ್ಚುವರಿ ಸಮಯದಲ್ಲಿ ಜೈಂಟ್ಸ್ ತಂಡವನ್ನು 23-17ರಿಂದ ಸೋಲಿಸಿತು. ದೇಶದ ಉದ್ದಗಲಕ್ಕೂ ಜನ ಮನೆಯಲ್ಲಿ ಕೂತು ನೋಡಿದರು. ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ, ಚೆಂಡು ಜಾನಿ ಯುನೈಟಸ್ ಕೈಯಲ್ಲಿತ್ತು. ಮೂರು ವರ್ಷದ ಹಿಂದೆ ಪಿಟ್ಸ್‌ಬರ್ಗ್ ತಂಡ ಅವರನ್ನು ಕೈಬಿಟ್ಟಿತ್ತು. ಆಮೇಲೆ ಪಂದ್ಯಕ್ಕೆ 6 ಡಾಲರ್‌ನಂತೆ ಸಣ್ಣ ತಂಡವೊಂದಕ್ಕೆ ಆಡಿದವರು ಅವರು. ಯಾವ ಆಟ ಆಡಬೇಕು ಅಂತ ಮೈದಾನದಲ್ಲಿ ನಿಂತು ತಾವೇ ಹೇಳುತ್ತಿದ್ದರು. ಇವತ್ತು ಕೋಚ್ ಅಂಚಿನಲ್ಲಿ ನಿಂತು ರೇಡಿಯೋದಲ್ಲಿ ಹೇಳುತ್ತಾರೆ. ಕ್ವಾರ್ಟರ್‌ಬ್ಯಾಕ್ ಹೆಲ್ಮೆಟ್ಟಿನೊಳಗೆ ಸ್ಪೀಕರ್ ಬಂದದ್ದು 1994ರಲ್ಲಿ. ಆಟ ಆರಿಸುವ ಕೆಲಸ ಕೋಚ್ ಕೈಗೆ ಹೋಯಿತು, ಹೊಗಳಿಕೆ ಮಾತ್ರ ಕ್ವಾರ್ಟರ್‌ಬ್ಯಾಕ್ ಹತ್ತಿರವೇ ಉಳಿಯಿತು.

1969ರ ಸೂಪರ್ ಬೌಲ್‌ಗೆ ಮುಂಚೆ ನ್ಯೂಯಾರ್ಕ್ ಜೆಟ್ಸ್‌ನ ಜೋ ನೇಮತ್ ‘ಭಾನುವಾರ ನಾವೇ ಗೆಲ್ಲುತ್ತೇವೆ, ಗ್ಯಾರಂಟಿ’ ಅಂದರು. ಬಾಜಿ ಕಟ್ಟುವವರ ಲೆಕ್ಕದಲ್ಲಿ ಎದುರಾಳಿ ಕೋಲ್ಟ್ಸ್ 18 ಅಂಕದಷ್ಟು ಮುಂದಿತ್ತು. ಜೆಟ್ಸ್ 16-7ರಿಂದ ಗೆದ್ದಿತು. ಆ ಪಂದ್ಯದಲ್ಲಿ ನೇಮತ್ ಒಂದೂ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದು) ಎಸೆಯಲಿಲ್ಲ. ಜೆಟ್ಸ್‌ನ ಡಿಫೆನ್ಸ್ ನಾಲ್ಕು ಎಸೆತ ಕಸಿದುಕೊಂಡಿತು. ಜನರ ನೆನಪಿನಲ್ಲಿ ಉಳಿದದ್ದು ಗ್ಯಾರಂಟಿ ಮಾತು.

1978ರಲ್ಲಿ ನಿಯಮ ಮತ್ತೆ ಬದಲಾಯಿತು. ಚೆಂಡು ಹಿಡಿಯಲು ಓಡುವವನನ್ನು 5 ಗಜ ದಾಟಿದ ಮೇಲೆ ತಳ್ಳುವಂತಿಲ್ಲ ಅಂದರು. ಕ್ವಾರ್ಟರ್‌ಬ್ಯಾಕನ್ನು ಕಾಯುವವರು ಕೈ ಚಾಚಿ ತಡೆಯಬಹುದು ಅಂದರು. ಆರು ವರ್ಷ ಬಿಟ್ಟು ಮಯಾಮಿಯ ಡ್ಯಾನ್ ಮರೀನೋ ಒಂದೇ ಸೀಸನ್‌ನಲ್ಲಿ 48 ಟಚ್‌ಡೌನ್ ಎಸೆದರು. ಅಲ್ಲಿಯವರೆಗಿನ ದಾಖಲೆ 36. ಅವರ 5,084 ಗಜದ ದಾಖಲೆ 27 ವರ್ಷ ನಿಂತಿತು. ಆ ಸೀಸನ್‌ನ ಫೈನಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜೋ ಮೊಂಟಾನಾ ಎದುರು ಸೋತರು. ಮತ್ತೆಂದೂ ಫೈನಲ್‌ಗೆ ಬರಲಿಲ್ಲ.

ಮೊಂಟಾನಾಗೆ ನಾಲ್ಕಕ್ಕೆ ನಾಲ್ಕು ಗೆಲುವು. ನಾಲ್ಕೂ ಸೂಪರ್ ಬೌಲ್ ಸೇರಿ 122 ಎಸೆತ, ಒಂದೂ ಎದುರಾಳಿ ಕೈಗೆ ಹೋಗಿಲ್ಲ. ಉಂಗುರದ ವಾದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ ಅನ್ನಿಸುತ್ತದೆ. 1989ರ ಜನವರಿಯ ಫೈನಲ್‌ನಲ್ಲಿ ಸಿನ್ಸಿನಾಟಿ ವಿರುದ್ಧ 3 ಅಂಕ ಹಿಂದಿದ್ದರು. 3 ನಿಮಿಷ 10 ಸೆಕೆಂಡ್ ಬಾಕಿ. ತಮ್ಮದೇ 8 ಗಜದ ಗೆರೆ. ಮುಂದೆ 92 ಗಜ. ಆ ಹೊತ್ತಿನಲ್ಲಿ ಪಕ್ಕದವರಿಗೆ ‘ನೋಡಲ್ಲಿ, ನಟ ಜಾನ್ ಕ್ಯಾಂಡಿ ಕೂತಿದ್ದಾರೆ’ ಅಂತ ಪ್ರೇಕ್ಷಕರ ಕಡೆ ತೋರಿಸಿದರಂತೆ. 34 ಸೆಕೆಂಡ್ ಉಳಿದಿರುವಾಗ ಜಾನ್ ಟೇಲರ್ ಕೈಗೆ ಗೆಲುವಿನ ಎಸೆತ. ಆ ತಣ್ಣನೆಯ ತಲೆ ನಿಜವಾದದ್ದು, ಅದನ್ನು ಯಾರೂ ಕಿತ್ತುಕೊಳ್ಳಲಾಗದು. ಆದರೆ ಅದೇ ಪಂದ್ಯದಲ್ಲಿ ಸ್ವಲ್ಪ ಮುಂಚೆ ಸಿನ್ಸಿನಾಟಿಯ ಲೂಯಿಸ್ ಬಿಲಪ್ಸ್ ಕೈಗೆ ಮೊಂಟಾನಾ ಎಸೆದ ಚೆಂಡು ನೇರವಾಗಿ ಬಂದಿತ್ತು. ಅವರು ಕೈಚೆಲ್ಲಿದರು. ಹಿಡಿದಿದ್ದರೆ ‘122ಕ್ಕೆ ಸೊನ್ನೆ’ ಅನ್ನುವ ಮಾತೂ ಇಲ್ಲ, ಬಹುಶಃ ಆ ಉಂಗುರವೂ ಇಲ್ಲ.

ಬ್ರೇಡಿಯ ಕಥೆಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ, 2000ದಲ್ಲಿ, 199ನೆಯವರಾಗಿ ಬಂದವರು. 2002ರ ಫೆಬ್ರವರಿಯಲ್ಲಿ ಮೊದಲ ಸೂಪರ್ ಬೌಲ್ ಗೆದ್ದಾಗ ಎಸೆದದ್ದು 145 ಗಜ. ಕೊನೆಯ ಕ್ಷಣದಲ್ಲಿ ಆ್ಯಡಂ ವಿನಟಿಯೆರಿ 48 ಗಜದಿಂದ ಒದ್ದು ಗೆಲ್ಲಿಸಿದರು. ನಾರ್ವುಡ್ ತಪ್ಪಿಸಿದ್ದಕ್ಕಿಂತ ಒಂದು ಗಜ ಜಾಸ್ತಿ ದೂರ. 2018ರಲ್ಲಿ ಫಿಲಡೆಲ್ಫಿಯಾ ವಿರುದ್ಧ ಬ್ರೇಡಿ 505 ಗಜ ಎಸೆದರು, ತಂಡ 41-33ರಿಂದ ಸೋತಿತು. 145ಕ್ಕೆ ಉಂಗುರ, 505ಕ್ಕೆ ಬರಿಗೈ. ಹಾಗಂತ ಬ್ರೇಡಿಯದು ಬರೀ ಅದೃಷ್ಟ ಅನ್ನುವವನು ನಾನಲ್ಲ. 2017ರ ಫೈನಲ್‌ನಲ್ಲಿ 28-3ರಿಂದ ಹಿಂದೆ ಬಿದ್ದು 34-28ರಿಂದ ಗೆದ್ದದ್ದು, 43ನೇ ವಯಸ್ಸಿನಲ್ಲಿ ಬೇರೆ ತಂಡಕ್ಕೆ ಹೋಗಿ ಏಳನೆಯದನ್ನು ತಂದದ್ದು ಸುಮ್ನೆ ಆಗುವ ಕೆಲಸವಲ್ಲ. ನನ್ನ ಲೆಕ್ಕದಲ್ಲೂ ಅವರೇ ಮೊದಲು. ಅದಕ್ಕೆ ಕಾರಣ ಉಂಗುರಗಳ ಸಂಖ್ಯೆಯಲ್ಲಿಲ್ಲ, ಇಪ್ಪತ್ತಕ್ಕೂ ಹೆಚ್ಚು ವರ್ಷ ಅವರು ಆಡಿದ ರೀತಿಯಲ್ಲಿದೆ. ಡೆನ್ವರ್‌ನ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ 2013ರಲ್ಲಿ 55 ಟಚ್‌ಡೌನ್ ಎಸೆದು ಫೈನಲ್‌ನಲ್ಲಿ ಸೋತರು. 2015ರ ಸೀಸನ್‌ನಲ್ಲಿ 9 ಟಚ್‌ಡೌನ್, 17 ಸಲ ಎದುರಾಳಿ ಕೈಗೆ ಚೆಂಡು. ಉಂಗುರ ಬಂದದ್ದು ಆ ವರ್ಷ. ಡೆನ್ವರ್‌ನ ಡಿಫೆನ್ಸ್ ಗೆದ್ದುಕೊಟ್ಟಿತು.

ಈ ಪಟ್ಟಿಗಳಲ್ಲಿ ಕಾಣದ ಇನ್ನೊಂದು ಸಂಗತಿ ಇದೆ. ಅದನ್ನು ನೆನೆದರೆ ನನಗೆ ಈಗಲೂ ಬೇಸರವಾಗುತ್ತದೆ. ಬಹಳ ಕಾಲ ಕಪ್ಪು ಆಟಗಾರರನ್ನು ಕ್ವಾರ್ಟರ್‌ಬ್ಯಾಕ್ ಆಗಲು ಬಿಡಲಿಲ್ಲ. ಓಡು, ಹಿಡಿ ಅನ್ನುತ್ತಿದ್ದರು. ‘ಯೋಚಿಸುವ ಜಾಗ’ ಬೇರೆಯವರಿಗೆ ಇತ್ತು. ವಾರನ್ ಮೂನ್ 1978ರ ರೋಸ್ ಬೌಲ್ ಅನ್ನುವ ಕಾಲೇಜು ಪಂದ್ಯದಲ್ಲಿ ಶ್ರೇಷ್ಠ ಆಟಗಾರ ಅನ್ನಿಸಿಕೊಂಡರೂ ಡ್ರಾಫ್ಟ್‌ನಲ್ಲಿ ಒಂದು ತಂಡವೂ ಅವರನ್ನು ಆರಿಸಲಿಲ್ಲ. ಕೆನಡಾಕ್ಕೆ ಹೋದರು. ಎಡ್ಮಂಟನ್ ತಂಡದಲ್ಲಿ ಸಾಲಾಗಿ ಐದು ಸಲ ಅಲ್ಲಿನ ಲೀಗ್‌ನ ಟ್ರೋಫಿಯಾದ ಗ್ರೇ ಕಪ್ ಗೆದ್ದರು. 1984ರಲ್ಲಿ ಎನ್‌ಎಫ್‌ಎಲ್‌ಗೆ ಬಂದು 49 ಸಾವಿರಕ್ಕೂ ಜಾಸ್ತಿ ಗಜ ಎಸೆದರು. ಆ ಆರು ವರ್ಷಗಳನ್ನು ಯಾವ ಪಟ್ಟಿಗೆ ಸೇರಿಸುವುದು? 1988ರ ಜನವರಿಯಲ್ಲಿ ವಾಷಿಂಗ್ಟನ್‌ನ ಡಗ್ ವಿಲಿಯಮ್ಸ್ ಮಂಡಿ ತಿರುಚಿಕೊಂಡು ಹೊರಗೆ ಹೋಗಿ ಮತ್ತೆ ಬಂದರು. 10-0 ಹಿಂದಿದ್ದ ತಂಡಕ್ಕೆ ಎರಡನೇ ಕ್ವಾರ್ಟರ್ ಒಂದರಲ್ಲೇ ನಾಲ್ಕು ಟಚ್‌ಡೌನ್ ಎಸೆದು 42-10ರಿಂದ ಗೆಲ್ಲಿಸಿದರು. ಸೂಪರ್ ಬೌಲ್ ಗೆದ್ದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಅವರು. ಎರಡೂ ಕಡೆ ಕಪ್ಪು ಕ್ವಾರ್ಟರ್‌ಬ್ಯಾಕ್‌ಗಳೇ ಶುರುವಿನಿಂದ ಆಡಿದ ಮೊದಲ ಸೂಪರ್ ಬೌಲ್ ನೋಡಲು 2023ರವರೆಗೆ ಕಾಯಬೇಕಾಯಿತು.

ಇನ್ನು ಪ್ರತಿ ಬೇಸಿಗೆಯಲ್ಲಿ ಕೇಳುವ ಮಾತು: ‘ಈ ಸೀಸನ್ ನಮ್ಮದು.’ 32 ತಂಡಗಳ ಅಭಿಮಾನಿಗಳು ಹೀಗೆ ನಂಬಲು ಕಾರಣ ಇದೆ. ಕೆಳಗೆ ಬಿದ್ದ ತಂಡಕ್ಕೆ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ. 1994ರಿಂದ ಪ್ರತಿ ತಂಡದ ಸಂಬಳಕ್ಕೂ ಒಂದು ಮಿತಿ. ಆಗ 3.46 ಕೋಟಿ ಡಾಲರ್ ಇದ್ದದ್ದು 2024ಕ್ಕೆ 25.54 ಕೋಟಿ ಆಯಿತು. ಅದೇ ವರ್ಷ ಡಲ್ಲಾಸ್‌ನ ಡ್ಯಾಕ್ ಪ್ರೆಸ್ಕಾಟ್ ವರ್ಷಕ್ಕೆ ಸರಾಸರಿ 6 ಕೋಟಿಯ ಒಪ್ಪಂದ ಮಾಡಿಕೊಂಡರು. ಒಬ್ಬನಿಗೆ ಅಷ್ಟು ಕೊಟ್ಟರೆ ಉಳಿದವರಿಗೆ ಏನು? ಹೊಸ ಹುಡುಗನ ಸಂಬಳ ಮಾತ್ರ ಮೊದಲ ನಾಲ್ಕು ವರ್ಷ ಕಡಿಮೆ. ಹಾಗಾಗಿ ಒಳ್ಳೆಯ ಹುಡುಗ ಸಿಕ್ಕರೆ ತಂಡದ ಬಾಗಿಲು ತೆರೆದಂತೆ. 2023ರಲ್ಲಿ ವಾಷಿಂಗ್ಟನ್ 4 ಗೆದ್ದು 13 ಸೋತಿತ್ತು. ಜೇಡನ್ ಡೇನಿಯಲ್ಸ್ ಬಂದ ವರ್ಷ 12 ಗೆದ್ದು, ಸೂಪರ್ ಬೌಲ್‌ಗೆ ಒಂದೇ ಪಂದ್ಯದಷ್ಟು ಹತ್ತಿರ ಹೋಯಿತು.

ಈಗಿನ ಜಗಳದ ನಡುವೆ ಇರುವವರು ಕಾನ್ಸಾಸ್ ಸಿಟಿಯ ಪ್ಯಾಟ್ರಿಕ್ ಮಹೋಮ್ಸ್ ಮತ್ತು ಬಫಲೋದ ಜೋಶ್ ಆ್ಯಲನ್. 2022ರ ಜನವರಿ 23ರಂದು ಪ್ಲೇ ಆಫ್ ಪಂದ್ಯದಲ್ಲಿ 13 ಸೆಕೆಂಡ್ ಬಾಕಿ ಇರುವಾಗ ಆ್ಯಲನ್ ತಂಡವನ್ನು 36-33ಕ್ಕೆ ತಂದರು. ಮಹೋಮ್ಸ್ ಎರಡೇ ಎಸೆತದಲ್ಲಿ 44 ಗಜ ಮುಂದೆ ಹೋದರು, ಕಿಕ್ಕರ್ ಸಮ ಮಾಡಿದರು. ಹೆಚ್ಚುವರಿ ಸಮಯದ ಟಾಸ್ ಕಾನ್ಸಾಸ್ ಸಿಟಿ ಗೆದ್ದಿತು, ನೇರ ಟಚ್‌ಡೌನ್. ಆಗಿನ ನಿಯಮದ ಪ್ರಕಾರ ಅಲ್ಲಿಗೆ ಮುಗಿಯಿತು. ಆ್ಯಲನ್ ಕೈಗೆ ಚೆಂಡೇ ಬರಲಿಲ್ಲ. ‘ಆ್ಯಲನ್‌ಗೆ ದೊಡ್ಡ ಪಂದ್ಯ ಗೆಲ್ಲಲು ಬರಲ್ಲ’ ಅನ್ನುವವರು ಆ ಸಂಜೆಯನ್ನು ಇನ್ನೊಮ್ಮೆ ನೋಡಬೇಕು.

ಅದೇ ವರ್ಷ ಲೀಗ್ ನಿಯಮ ತಿದ್ದಿತು. ಪ್ಲೇ ಆಫ್‌ನಲ್ಲಿ ಎರಡೂ ತಂಡಕ್ಕೆ ಒಂದೊಂದು ಅವಕಾಶ. ಅದು ಮೊದಲ ಸಲ ಬಳಕೆಗೆ ಬಂದದ್ದು 2024ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದ ಬ್ರಾಕ್ ಪರ್ಡಿ ಡ್ರಾಫ್ಟ್‌ನ ಕೊನೆಯ ಆಯ್ಕೆ, 262ನೆಯವರು. ಹೆಚ್ಚುವರಿ ಸಮಯದಲ್ಲಿ ಮೊದಲು ಚೆಂಡು ಪಡೆದು ತಂಡವನ್ನು 22-19ಕ್ಕೆ ತಂದರು. ಪಂದ್ಯ ಮುಗಿದ ಮೇಲೆ ಅವರ ಜೊತೆಯ ಕೆಲವರು ಹೊಸ ನಿಯಮ ತಮಗೆ ಗೊತ್ತೇ ಇರಲಿಲ್ಲ ಅಂದರು. ಪರ್ಡಿ ಅಂಚಿಗೆ ಬಂದರು. ಮಹೋಮ್ಸ್ ಒಳಗೆ ಹೋದರು, 75 ಗಜ, 3 ಸೆಕೆಂಡ್ ಬಾಕಿ ಇರುವಾಗ ಟಚ್‌ಡೌನ್. 25-22. ಮಹೋಮ್ಸ್‌ಗೆ ಮೂರನೇ ಉಂಗುರ. ಕೆಲ್ಲಿಯಂತೆ, ಆ್ಯಲನ್‌ನಂತೆ ಪರ್ಡಿ ಹೊರಗೆ ನಿಂತೇ ಅದನ್ನು ನೋಡಿದರು.